ಪಡಸಾಲೆಗೆ ಬಂದ ಕನ್ನಡಿ

ನಾನು ಹನ್ನೆರಡು ವರ್ಷದವಳಾಗುವ ತನಕ ನಮ್ಮ ಮನೆಯಲ್ಲಿದ್ದದ್ದು ಅಂಗೈಯಗಲದ ಒಂದೇ ಒಂದು ಕನ್ನಡಿ. ಅದು ಅಡುಗೆಕೋಣೆಯ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ಇರುತ್ತಿತ್ತು. ಅದರಲ್ಲಿ ಒಂದು ಸಲಕ್ಕೆ ಒಂದು ಕಣ್ಣು ಕಾಣುತ್ತಿತ್ತು, ಇಲ್ಲವೇ ಬೊಟ್ಟು ಇಡುವಷ್ಟು ಹಣೆ. ತನ್ನ ಇಡೀ ಮೈ ಹೇಗಿದೆಯೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅದಕ್ಕಾಗಿ ಯಾರೂ ಕೊರಗಿರಲೂ ಇಲ್ಲ. ಈಗ ನನ್ನ ಹತ್ತಿರ ಕುಣಿತ ಕಲಿಯಲು ಬರುವ ಹುಡುಗಿಯರ ತಾಯಂದಿರಿಗೆ ಇದನ್ನು ಹೇಳಿದರೆ ಅಯ್ಯೋ ಪಾಪ ಎನ್ನುವ ಹಾಗೆ ನೋಡುತ್ತಾರೆ. ಪಾಂಡವಪುರದಲ್ಲಿ ನಾನು ಬಾಡಿಗೆಗೆ ಹಿಡಿದಿರುವ ಹಾಲಿನ ಒಂದು ಗೋಡೆಗೆ ಉದ್ದಕ್ಕೂ ಕನ್ನಡಿ ಹಾಕಿಸಬೇಕಂತೆ. ಮಿಕ್ಕ ಡ್ಯಾನ್ಸ್ ಕ್ಲಾಸುಗಳಲ್ಲೆಲ್ಲ ಇದೆಯಂತೆ. ಮಕ್ಕಳಿಗೆ ತಮ್ಮ ತಪ್ಪು ತಮಗೇ ಕಾಣಬೇಡವೇ ಎಂದು ಮೊನ್ನೆ ಒಬ್ಬಾಕೆ ನನಗೇ ಪಾಠ ಹೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಹಾಕಿಸುವುದಿಲ್ಲ, ಬೇಕಿದ್ದರೆ ಮಗಳನ್ನು ಬೇರೆ ಕಡೆ ಸೇರಿಸಿ ಎಂದು ಹೇಳಿ ಕಳಿಸಿದೆ. ನಮ್ಮಪ್ಪನೂ ಕನ್ನಡಿಯ ದ್ವೇಷಿಯೇ. ಹಾಗೆಂದು ನನ್ನನ್ನು ಅವನ ಪಕ್ಷಕ್ಕೆ ಯಾರೂ ಸೇರಿಸಬೇಡಿ. ಅವನ ಮೇಲಿನ ಸಿಟ್ಟಿನ ಮುಂದೆ ಕನ್ನಡಿಯ ಮೇಲಿನ ಸಿಟ್ಟು ಏನೇನೂ ಅಲ್ಲ.

ಹೊಣಕೆರೆಯಿಂದ ಎರಡು ಮೈಲಿ ಒಳಗಿನ ಊರಿನಲ್ಲಿ ನಮ್ಮದು ಪೂಜೆ ಕುಣಿತದ ಮನೆ. ಪೂಜೆಯೆಂದರೆ ಆಳೆತ್ತರದ ಬಿದಿರಿನ ಚೌಕಟ್ಟು. ಅದಕ್ಕೆ ಬಣ್ಣಬಣ್ಣದ ಸೀರೆ ಸುತ್ತಿ, ಹೂವು ಕಟ್ಟಿ, ನಡುಮಧ್ಯೆ ಊರದೇವತೆ ಅಮ್ಮನ ಹಿತ್ತಾಳೆಯ ಮುಖ ಕೂರಿಸುತ್ತಾರೆ. ತಲೆಯ ಮೇಲೆ ಬಟ್ಟೆಯ ಸಿಂಬೆಯಿಟ್ಟು, ಅದರ ಮೇಲೆ ಈ ಚೌಕಟ್ಟನ್ನು ಹೊತ್ತು, ತಮಟೆಯ ಗತ್ತಿಗೆ ಕುಣಿಯಬೇಕು. ಕೈ ಮುಟ್ಟಿಸುವಂತಿಲ್ಲ. ಎಷ್ಟೇ ಓಲಾಡಲಿ, ಎಂಥ ಗಾಳಿಯೇ ಬೀಸಲಿ, ಕತ್ತು ಮತ್ತು ಸೊಂಟದಲ್ಲೇ ಸಂಭಾಳಿಸಬೇಕು. ನಡುವೆ ಕೈಯೆತ್ತಿ ಚೌಕಟ್ಟು ಹಿಡಿದವನು ಆ ವರ್ಷ ಮತ್ತೆ ಪೂಜೆ ಹೊರುವಂತಿರಲಿಲ್ಲ, ಊರಿನಲ್ಲಿ ತಲೆಯೆತ್ತಿ ಓಡಾಡುವುದೂ ಅವನಿಗೆ ಕಷ್ಟವಾಗುತ್ತಿತ್ತು. ನಮ್ಮ ಕಡೆ ಹೊರುವವರು ಇಬ್ಬಿಬ್ಬರ ಜೋಡಿ. ಮುಂದಾಳು ಬಲಗಾಲಿನಲ್ಲಿ ಶುರುಮಾಡಿ ಬಲಕ್ಕೆ ತಿರುಗುತ್ತಾನೆ. ಅವನ ಮುಖಕ್ಕೆ ಮುಖ ಕೊಟ್ಟು ನಿಂತ ಎದುರಾಳು ಎಡಗಾಲಿನಲ್ಲಿ ಶುರುಮಾಡಿ ಎಡಕ್ಕೆ ತಿರುಗುತ್ತಾನೆ. ಒಬ್ಬನೇ ಹೊರುವಾಗ ಮಾತ್ರ, ಯಾರೇ ಆಗಲಿ, ಬಲಗಾಲೇ ಮುಂದೆ. ಎಡಗಾಲಿಟ್ಟರೆ ಅಮ್ಮನಿಗೆ ಅಪಚಾರವೆಂದು ಜನ ಕುಣಿತವನ್ನೇ ನಿಲ್ಲಿಸಿಬಿಡುತ್ತಿದ್ದರು. ಹಿರಿಯನಾದ್ದರಿಂದ ನಮ್ಮಪ್ಪ ಯಾವಾಗಲೂ ಮುಂದಾಳು. ಚಿಕ್ಕಪ್ಪ ಜವರಪ್ಪ ಯಾವಾಗಲೂ ಎದುರಾಳು. ಚಿಕ್ಕಪ್ಪ ಮಾಡಿದ್ದ ತಪ್ಪೆಂದರೆ ಎರಡು ವರ್ಷ ತಡವಾಗಿ ಹುಟ್ಟಿದ್ದು.

ಅಪ್ಪ ಕುಣಿತ ಕಲಿಸುವ ಕ್ರಮಕ್ಕೆ ನಮ್ಮೂರಲ್ಲಿ ಗೋಡೆಗೆ ನಿಲ್ಲಿಸುವುದು ಎನ್ನುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಊರಿನ ನಾಲ್ಕಾರು ಗಂಡಸರು ಬೆಳಗಿನ ಹೊತ್ತು ನಮ್ಮ ಪಡಸಾಲೆಗೆ ಬರುತ್ತಿದ್ದರು. ಸೀರೆಯಿಲ್ಲದ, ಮುಖವಿಲ್ಲದ ಬೋಳು ಚೌಕಟ್ಟಿಗೆ ಕಲ್ಲು ಕಟ್ಟಿ ಅವರ ತಲೆಯ ಮೇಲಿಟ್ಟು, ಮಣ್ಣಿನ ಗೋಡೆಗೆ ಗೇಣು ದೂರದಲ್ಲಿ ಮುಖ ಮಾಡಿ ನಿಲ್ಲಿಸುತ್ತಿದ್ದ. ಅಲ್ಲೇ ಕುಣಿಯಬೇಕು. ಮುಂದಕ್ಕೆ ವಾಲಿದರೆ ಬಿದಿರು ಗೋಡೆಗೆ ಗೀರುತ್ತಿತ್ತು. ಗೀರಿದ ಸದ್ದು ಕೇಳಿದ ಕೂಡಲೇ ಅಪ್ಪ ಹಿಂದಿನಿಂದ ಹುಣಸೆ ಬರಲಿನಲ್ಲಿ ಮೀನಖಂಡಕ್ಕೆ ಬಾರಿಸುತ್ತಿದ್ದ. ನೋಡಲು ಏನೂ ಇರಬಾರದು, ಹೊರೆ ಎಲ್ಲಿಗೆ ವಾಲಿತೆಂಬುದನ್ನು ಕತ್ತೇ ಹೇಳಬೇಕು ಎನ್ನುವುದು ಅವನ ಲೆಕ್ಕ. ಲೆಕ್ಕ ಸರಿಯೇ ಇತ್ತು, ಅದನ್ನು ಒಪ್ಪಿಕೊಳ್ಳಲು ನನಗೆ ಸಂಕಟವಾದರೂ ಒಪ್ಪಿಕೊಳ್ಳುತ್ತೇನೆ. ಗಂಡಸರು ಹೋದ ಮೇಲೆ ಅವ್ವ ಕೆಮ್ಮಣ್ಣು ಕಲಸಿಕೊಂಡು ಬಂದು ಆ ಗೀರುಗಳನ್ನು ಮೆತ್ತುತ್ತಿದ್ದಳು. ಹೆಂಗಸರು ಕುಣಿತದ ಹೊತ್ತಲ್ಲಿ ಪಡಸಾಲೆಗೆ ಬರುವಂತಿರಲಿಲ್ಲ, ಚೌಕಟ್ಟನ್ನು ಮುಟ್ಟುವಂತಿರಲಿಲ್ಲ. ಅದು ಗೀರಿದ ಗೋಡೆಯನ್ನು ಮುಟ್ಟಬಹುದಿತ್ತು.

ಕನ್ನಡಿಯನ್ನು ತಂದವನು ಚಿಕ್ಕಪ್ಪ. ನಾಗಮಂಗಲದಲ್ಲಿ ಫೋಟೋಗೆ ಕಟ್ಟು ಹಾಕುವ ಬಾಬುಸಾಬರ ಅಂಗಡಿಯಲ್ಲಿ ಒಂದು ನಿಲುಗನ್ನಡಿ ಇತ್ತು. ಯಾರೋ ಮದುವೆಮನೆಯವರು ಹೇಳಿ ಮಾಡಿಸಿ, ಮೂಲೆಯಲ್ಲಿ ಸೀಳು ಬಿಟ್ಟಿದೆಯೆಂದು ಬಿಟ್ಟುಹೋಗಿದ್ದರಂತೆ. ಚಿಕ್ಕಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದ. ಜೊತೆಯಲ್ಲಿ ಬಾಬುಸಾಬರೂ ಬಂದರು, ಮೊಳೆ ಹೊಡೆಯುವಾಗ ಒಡೆದುಹೋದರೆ ತಮಗೆ ಕೆಟ್ಟ ಹೆಸರು ಎಂದು. ಅಪ್ಪ ಹೊಲದಿಂದ ಬರುವ ಹೊತ್ತಿಗೆ ಅದು ಪಡಸಾಲೆಯ ಮೂಡಣ ಗೋಡೆಯಲ್ಲಿ, ಗಂಡಸರು ಮುಖ ಮಾಡಿ ನಿಲ್ಲುತ್ತಿದ್ದ ಜಾಗದಲ್ಲೇ, ನಿಂತಿತ್ತು. ಅಪ್ಪ ಬಾಗಿಲಲ್ಲಿ ಗಕ್ಕನೆ ನಿಂತ. ಒಳಗೆ ಇನ್ನೊಬ್ಬ ಗಂಡಸು ಗುದ್ದಲಿ ಹಿಡಿದು ತನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಅದು ತಾನೇ ಎಂದು ತಿಳಿಯಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಆ ಒಂದು ಗಳಿಗೆಯ ಅವಮಾನವನ್ನು ಅವನು ಕೊನೆತನಕ ಕ್ಷಮಿಸಲಿಲ್ಲ.

"ಏನ್ಲಾ ಇದು ಜವರಾ? ಇದೇನ್ ಮನೆಯೋ ಕ್ಷೌರದಂಗ್ಡಿಯೋ?"

"ಕುಣಿಯೋದ್ ಹೆಂಗ್ ಕಾಣ್ತದೆ ಅಂತ ನಮ್ಗೂ ಗೊತ್ತಾಗ್ಬೇಡ್ವಾ ಅಣ್ಣ? ಊರೋರೆಲ್ಲ ನೋಡ್ತಾರೆ. ಕುಣಿಯೋನ್ ಒಬ್ಬ ಮಾತ್ರ ಕುಲ್ಡನಂಗ್ ಇರ್ಬೇಕಾ?"

"ಹೊರೋನು ಹೊರ್ಬೇಕು ಕಣ್ಲಾ. ನೋಡಾಕೆ ಊರೈತೆ. ಅಮ್ಮನ್ ಮಕ ಜನಕ್ಕೆ ಕಾಣ್ಬೇಕು, ನಿಂಗಲ್ಲ. ಕಿತ್ತಾಕು ಅದ್ನ."

ಬಾಬುಸಾಬರು ಮೊಳೆಯ ಡಬ್ಬಿ ಹಿಡಿದು ನಡುವೆ ಬಾಯಿ ಹಾಕಿದರು.

"ಗೌಡ್ರೇ, ಆಯಿನಾ ಪಾಪ ಏನ್ ಮಾಡ್ತು? ಇದ್ದಿದ್ದು ಇದ್ದಂಗೆ ತೋರಿಸ್ತದೆ ಅಷ್ಟೇ. ಮೂಲೇಲಿ ಒಂದ್ ಸೀಳು ಐತೆ, ಅದೂ ನಾನೇ ಹೇಳ್ಬುಟ್ಟಿವ್ನಿ."

ಅಪ್ಪ ಹೊರಗಿನವರ ಎದುರು ಹೆಚ್ಚು ಮಾತಾಡುವವನಲ್ಲ. ಅವರಿಗೆ ಮಜ್ಜಿಗೆ ಕೊಡಿಸಿ ಕಳಿಸಿದ. ಕನ್ನಡಿ ಉಳಿಯಿತು, ಏಕೆಂದರೆ ಚಿಕ್ಕಪ್ಪ ಅಂದು ಹುಟ್ಟಿದಾಗಿನಿಂದ ಆಡದ ಮಾತೊಂದನ್ನು ಆಡಿದ. ಈ ಮನೆಯಲ್ಲಿ ಅರ್ಧ ನನ್ನದು, ಆ ಗೋಡೆ ನನ್ನ ಅರ್ಧಕ್ಕೆ ಬರಲಿ ಎಂದ. ಅಪ್ಪ ತನ್ನ ಶಿಷ್ಯರನ್ನು ಕರೆದುಕೊಂಡು ಕೊಟ್ಟಿಗೆಯ ಗೋಡೆಗೆ ಹೋದ. ಚಿಕ್ಕಪ್ಪ ಕನ್ನಡಿಯ ಮುಂದೆ ಒಬ್ಬನೇ ನಿಂತ. ಆ ದಿನದಿಂದ ಅಣ್ಣತಮ್ಮಂದಿರ ಮಾತು ನಿಂತಿತು. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು, ಆದರೆ ಅಪ್ಪ ಉತ್ತರಕ್ಕೆ ತಿರುಗಿ ಕೂರುತ್ತಿದ್ದ, ಚಿಕ್ಕಪ್ಪ ದಕ್ಷಿಣಕ್ಕೆ. ಮುದ್ದೆ ಬಡಿಸುತ್ತಿದ್ದ ಅವ್ವ ಇಬ್ಬರ ಬೆನ್ನಿನ ನಡುವೆ ಸೀರೆ ಒತ್ತಿ ಹಿಡಿದು ಓಡಾಡುತ್ತಿದ್ದಳು. ಹೇಳಬೇಕಾದ್ದೆಲ್ಲ ನನ್ನ ಮೂಲಕ ಹೋಗುತ್ತಿತ್ತು. ನಾಳೆ ನೀರು ಹಾಯಿಸೋ ಸರದಿ ಯಾರದು ಅಂತ ಕೇಳು ಎಂದು ಅಪ್ಪ ಹೇಳಿದರೆ, ಮಾರುದ್ದದಲ್ಲಿ ಕೂತ ಚಿಕ್ಕಪ್ಪನಿಗೆ ನಾನು ಅದನ್ನೇ ಮತ್ತೆ ಹೇಳಬೇಕು. ಒಂದು ದಿನ ಬೇಸತ್ತು, ಕೇಳಿಸಿತಲ್ಲ, ನೀನೇ ಹೇಳು ಎಂದೆ. ಇಬ್ಬರೂ ಒಟ್ಟಿಗೇ ನನ್ನ ಮೇಲೆ ಕೂಗಾಡಿದರು. ಆ ಎರಡು ವರ್ಷದಲ್ಲಿ ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

ಗಂಡಸರು ಹೊಲಕ್ಕೆ ಹೋದ ಮೇಲೆ ಪಡಸಾಲೆ ನಮ್ಮದು. ಚಿಕ್ಕಮ್ಮ ದಿನಕ್ಕೆ ಮೂರು ಸಲ ತಲೆ ಬಾಚಲು ಶುರುಮಾಡಿದಳು. ಅವ್ವ ಮಾತ್ರ ಬಹಳ ದಿನ ಆ ಕಡೆ ಸುಳಿಯಲಿಲ್ಲ. ಒಂದು ಮಧ್ಯಾಹ್ನ ಹುರುಳಿಕಾಳು ಕೇರುತ್ತಿದ್ದವಳು ಮೊರವನ್ನು ಹಾಗೇ ಹಿಡಿದುಕೊಂಡು ಹೋಗಿ ಅದರ ಮುಂದೆ ನಿಂತಳು. ನಲವತ್ತು ದಾಟಿದ್ದ ನನ್ನವ್ವ ತನ್ನ ಉದ್ದಗಲವನ್ನು ಕಂಡದ್ದು ಅದೇ ಮೊದಲು. ಸೆರಗು ಸರಿಮಾಡಿಕೊಂಡಳು, ಪಕ್ಕಕ್ಕೆ ತಿರುಗಿ ಬೆನ್ನು ನೋಡಿಕೊಂಡಳು, ಆಮೇಲೆ ಮೊರವನ್ನು ಎದೆಗೆ ಅಡ್ಡ ಹಿಡಿದಳು.

"ಇಷ್ಟ್ ಗೂನಾಗಿದೀನಾ ರತ್ನಿ ನಾನು? ಯಾರೂ ಒಂದ್ ಮಾತ್ ಹೇಳ್ನಿಲ್ವಲ್ಲ."

ಅದಾದ ಮೇಲೆ ಕೆಲವು ದಿನ ನೆಟ್ಟಗೆ ನಡೆಯಲು ಅವಳು ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ. ನೀರಿನ ಕೊಡ ಎತ್ತುವಾಗಲೂ, ಒಲೆ ಊದುವಾಗಲೂ ಬೆನ್ನಿನದೇ ಯೋಚನೆ. ಎರಡು ಸಲ ಕೊಡ ಚೆಲ್ಲಿಕೊಂಡಳು. ಹುಟ್ಟಿದಾಗಿನಿಂದ ಒಂದು ಹನಿ ಚೆಲ್ಲದವಳು. ನನಗೆ ಕನ್ನಡಿಯ ಮೇಲೆ ಮೊದಲು ಸಿಟ್ಟು ಬಂದದ್ದು ಆಗ. ಆದರೂ ಅದನ್ನು ನೋಡುವುದನ್ನು ಬಿಡಲಾಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಅದು ನನಗೆ ಬೇರೊಂದು ದಾರಿ ತೆರೆದಿತ್ತು. ನಾನು ಒಲೆಯ ಮುಂದೆ ಕೂರುತ್ತಿದ್ದ ಜಾಗದಿಂದ ಬಾಗಿಲ ಮೂಲಕ ಪಡಸಾಲೆಯ ನೆಲ ಕಾಣುತ್ತಿರಲಿಲ್ಲ, ಕುಣಿಯುವವರು ಕಾಣುತ್ತಿರಲಿಲ್ಲ. ಕನ್ನಡಿ ಮಾತ್ರ ಕಾಣುತ್ತಿತ್ತು. ಕನ್ನಡಿಯೊಳಗೆ ಚಿಕ್ಕಪ್ಪ ಕುಣಿಯುತ್ತಿದ್ದ.

ಅವನು ಅಲ್ಲಿ ಮುಂದಾಳಾಗಿ ಕುಣಿಯುತ್ತಿದ್ದ, ಬಲಗಾಲು ಮುಂದಿಟ್ಟು. ಹದಿನೈದು ವರ್ಷ ಅಣ್ಣನಿಗೆ ಎದುರಾಳಾಗಿದ್ದವನಿಗೆ ಕನ್ನಡಿಯಲ್ಲಿ ತನಗೊಬ್ಬ ಎದುರಾಳು ಸಿಕ್ಕಿದ್ದ. ಹೇಳಿದ ಹಾಗೆ ಕೇಳುವ, ಎಂದೂ ತಪ್ಪದ ಎದುರಾಳು. ಕನ್ನಡಿಯನ್ನು ಅವನು ಯಾಕೆ ಅಷ್ಟು ಹಚ್ಚಿಕೊಂಡನೆಂದು ಈಗ ನನಗೆ ಅರ್ಥವಾಗುತ್ತದೆ, ಅಪ್ಪನಿಗೆ ಅದನ್ನು ಕಂಡರೆ ಯಾಕೆ ಅಷ್ಟು ಉರಿಯುತ್ತಿತ್ತೆಂದೂ. ಆಗ ನನಗೆ ಅದೆಲ್ಲ ಬೇಕಿರಲಿಲ್ಲ. ಮುದ್ದೆಗೆ ಎಸರಿಟ್ಟು, ಒಲೆಯ ಮುಂದೆ ಕೂತು, ಒಂದೊಂದು ಹೆಜ್ಜೆಯನ್ನೂ ಕಣ್ಣಿನಲ್ಲಿ ನುಂಗಿಕೊಂಡೆ. ನೀರಿಗೆ ಹೋದಾಗ ಬಾವಿಯಿಂದ ಹಿತ್ತಿಲತನಕ ತಲೆಯ ಮೇಲೆ ತುಂಬಿದ ಕೊಡ ಇಟ್ಟುಕೊಂಡು, ಕೈಬಿಟ್ಟು, ಆ ಹೆಜ್ಜೆಗಳನ್ನು ಹಾಕುತ್ತಿದ್ದೆ. ಕತ್ತಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಏಳು ವರ್ಷದಿಂದ ನೀರು ಹೊತ್ತ ಕತ್ತು ಅದು. ಹೆಜ್ಜೆಗೆ ಮಾತ್ರ ನನಗೆ ಕನ್ನಡಿಯೊಂದೇ ಗುರು. ಕನ್ನಡಿಯೊಳಗಿನ ಮನುಷ್ಯ ಎಡಗಾಲು ಮುಂದಿಡುತ್ತಾನೆ, ಹೊರಗಿರುವವನು ಬಲಗಾಲು ಇಟ್ಟಿರುತ್ತಾನೆ ಎಂಬುದು ನನಗೆ ಹೊಳೆಯಲೇ ಇಲ್ಲ. ನಾನು ಆ ಒಳಗಿನವನನ್ನು ನಂಬಿದೆ. ಎರಡು ಸುಗ್ಗಿ ಕಾಲ ಪೂರ್ತಿ ಇಡೀ ಕುಣಿತವನ್ನು ಎಡಗಾಲಿನಿಂದ ಕಲಿತೆ.

ಕೆ.ಆರ್. ಪೇಟೆಯಲ್ಲಿ ಒಂದು ಮೆರವಣಿಗೆಗೆ ನಮ್ಮವರನ್ನು ಕರೆದಾಗ ಚಿಕ್ಕಪ್ಪ ಈ ಸಲ ನಾನೇ ಮುಂದಾಳು ಎಂದು ಪಟ್ಟು ಹಿಡಿದ. ಊರಿನ ಹಿರಿಯರು ಆಗಲಿ ಎಂದರು, ಅಪ್ಪ ಹಲ್ಲು ಕಚ್ಚಿಕೊಂಡು ಎದುರಾಳಾದ. ನೋಡಲು ನಾನೂ ಅವ್ವನೂ ಹೋಗಿದ್ದೆವು. ಪೇಟೆಬೀದಿಯ ಅರ್ಧದವರೆಗೆ ಚಿಕ್ಕಪ್ಪ ಕುಣಿದ ಹಾಗೆ ಅಪ್ಪ ತನ್ನ ಜನ್ಮದಲ್ಲಿ ಕುಣಿದಿರಲಿಲ್ಲ. ಅಷ್ಟು ಚೆಂದ. ಆಮೇಲೆ ಒಂದು ಬಟ್ಟೆ ಅಂಗಡಿ ಬಂತು. ಹೊಸದಾಗಿ ಹಾಕಿಸಿದ ಆಳೆತ್ತರದ ಗಾಜು. ಬಿಸಿಲಿಗೆ ಇಡೀ ಬೀದಿ ಅದರಲ್ಲಿ ಮೂಡಿತ್ತು. ಚಿಕ್ಕಪ್ಪನ ಕಣ್ಣು ಅಲ್ಲಿಗೆ ಹೋಯಿತು. ಎರಡು ವರ್ಷ ಕಣ್ಣಿನಿಂದಲೇ ಹೊರೆ ಸರಿಮಾಡಿಕೊಂಡು ರೂಢಿಯಾದವನು ಗಾಜು ಕಂಡ ಕೂಡಲೇ ಕತ್ತನ್ನು ಮರೆತು ಕಣ್ಣನ್ನು ನಂಬಿದ. ಗಾಜು ಓರೆಯಾಗಿತ್ತು, ಅದರಲ್ಲಿ ಪೂಜೆ ವಾಲಿದಂತೆ ಕಂಡಿತು. ನಿಜವಾಗಿ ವಾಲಿರಲಿಲ್ಲ. ಅವನು ಅದನ್ನು ನೆಟ್ಟಗೆ ಮಾಡಲು ಹೋದ, ಆಗ ನಿಜವಾಗಿಯೂ ವಾಲಿತು. ಅವನ ಬಲಗೈ ಮೇಲೆದ್ದು ಬಿದಿರನ್ನು ಹಿಡಿಯಿತು. ತಮಟೆ ನಿಂತಿತು. ಎದುರಿಗಿದ್ದ ನಮ್ಮಪ್ಪ, ತಲೆಯ ಮೇಲೆ ಅಮ್ಮನನ್ನು ಹೊತ್ತುಕೊಂಡೇ, ನಕ್ಕ. ತಮ್ಮನ ಮುಖ ನೋಡಿಕೊಂಡು ನಕ್ಕ. ಅದನ್ನು ನಾನು ಕಣ್ಣಾರೆ ಕಂಡೆ.

ಚಿಕ್ಕಪ್ಪ ಮನೆಗೆ ಬಂದವನು ಮೊದಲು ಕನ್ನಡಿ ಬಿಚ್ಚಿದ, ಆಮೇಲೆ ಗಂಟುಮೂಟೆ ಕಟ್ಟಿದ. ಚಿಕ್ಕಮ್ಮನ ತವರು ಕೆ.ಆರ್. ಪೇಟೆ. ಅವಳಣ್ಣನ ಜೊತೆ ಟೈಲರ್ ಅಂಗಡಿಯಲ್ಲಿ ಕೂರುತ್ತೇನೆಂದು ಹೊರಟುಹೋದ. ಅವ್ವ ಬಾಗಿಲಲ್ಲಿ ನಿಂತು ಅತ್ತಳು. ಅಪ್ಪ ಕೊಟ್ಟಿಗೆಯಿಂದ ತನ್ನ ಶಿಷ್ಯರನ್ನು ಮತ್ತೆ ಪಡಸಾಲೆಗೆ ಕರೆತಂದ. ಆದರೆ ಆ ಶಿಷ್ಯರಲ್ಲಿ ಒಬ್ಬನೂ ಎದುರಾಳಾಗಿ ನಿಲ್ಲುವಷ್ಟು ತಯಾರಾಗಿರಲಿಲ್ಲ. ಎಲ್ಲರಿಗೂ ಮುಂದಾಳಿನ ಹೆಜ್ಜೆಯೇ ಗೊತ್ತು, ಎಲ್ಲರೂ ಅಪ್ಪನನ್ನು ನೋಡಿ ಕಲಿತವರು. ಶ್ರೀರಂಗಪಟ್ಟಣದಿಂದ ಮೆರವಣಿಗೆಗೆ ಕರೆ ಬಂದು ಕೂತಿತ್ತು. ಅಂಥ ಒಂದು ಸಂಜೆ, ಬಾವಿಯಿಂದ ನಾನು ಕೊಡ ಹೊತ್ತು ಕುಣಿದುಕೊಂಡು ಬರುವಾಗ ಅಪ್ಪ ಬಣವೆಯ ಹಿಂದೆ ನಿಂತಿದ್ದ.

"ಅಲ್ಲೇ ನಿಂತ್ಕ. ಇನ್ನೊಂದ್ ಸಲ ಹಾಕು ಆ ಹೆಜ್ಜೆಯ."

ಹುಣಸೆ ಬರಲು ಎಲ್ಲಿದೆಯೆಂದು ಅವನ ಕೈ ನೋಡಿದೆ. ಬರಿಗೈ. ಹೆಜ್ಜೆ ಹಾಕಿದೆ, ಕೊಡದ ನೀರು ತುಳುಕಲಿಲ್ಲ. ಅವನು ನನ್ನ ಪಾದವನ್ನೇ ನೋಡುತ್ತಿದ್ದ.

"ಎಡಗಾಲು," ಎಂದ. "ಕನ್ನಡೀಲಿ ಕದ್ದು ಕಲ್ತಿದೀಯ ಕಣಮ್ಮಿ ನೀನು."

ಬೈಯಲಿಲ್ಲ, ಹೊಡೆಯಲಿಲ್ಲ. ಒಳಗೆ ಕರೆದುಕೊಂಡು ಹೋಗಿ, ಹೆಂಗಸರು ಮುಟ್ಟಬಾರದ ಚೌಕಟ್ಟನ್ನು ತನ್ನ ಕೈಯಾರೆ ನನ್ನ ತಲೆಯ ಮೇಲಿಟ್ಟ. ತಾನೂ ಒಂದನ್ನು ಹೊತ್ತು ಎದುರಿಗೆ ನಿಂತ. ಅವ್ವನಿಗೆ ತಟ್ಟೆಯ ಮೇಲೆ ಗತ್ತು ಹಾಕಲು ಹೇಳಿದ. ಅವನ ಬಲಗಾಲು ಮುಂದೆ ಬಂತು, ನನ್ನ ಎಡಗಾಲು ಮುಂದೆ ಹೋಯಿತು. ಅವನು ಬಲಕ್ಕೆ ತಿರುಗಿದ, ನಾನು ಎಡಕ್ಕೆ. ಒಂದು ತಪ್ಪಿಲ್ಲ. ಕತ್ತು ನೀರು ಹೊತ್ತದ್ದು, ಹೆಜ್ಜೆ ಕನ್ನಡಿಯದು. ಎರಡೂ ಸೇರಿ ನನ್ನನ್ನು ಅವನಿಗೆ ಹೇಳಿ ಮಾಡಿಸಿದ ಎದುರಾಳು ಮಾಡಿಬಿಟ್ಟಿದ್ದವು. ಅಪ್ಪನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಕಂಡಿರಲಿಲ್ಲ. ಅಂದು ನಾನು ಹಿಗ್ಗಿ ಹೀರೇಕಾಯಿಯಾದೆ, ಸುಳ್ಳು ಹೇಳುವುದಿಲ್ಲ. ಹೆಣ್ಣುಮಗಳ ತಲೆ ಮೇಲೆ ಅಮ್ಮನನ್ನು ಕೂರಿಸುತ್ತೀಯಾ ಎಂದು ಊರಿನವರು ತಕರಾರು ತೆಗೆದಾಗ, ಅಮ್ಮ ಏನು ಗಂಡಸಾ ಎಂದು ಅವನೇ ಅವರ ಬಾಯಿ ಮುಚ್ಚಿಸಿದ. ತನಗೆ ಬೇಕಾದಾಗ ಅವನಿಗೆ ನ್ಯಾಯ ಚೆನ್ನಾಗಿ ಬರುತ್ತಿತ್ತು. ಶ್ರೀರಂಗಪಟ್ಟಣದಲ್ಲಿ ಕೋಟೆ ಬಾಗಿಲಿನಿಂದ ಹೊಳೆಯ ದಂಡೆಯವರೆಗೆ ಅಪ್ಪ ಮಗಳು ಕುಣಿದೆವು. ಜನ ಮುಗಿಬಿದ್ದು ನೋಡಿದರು. ಮೂರು ವರ್ಷ ಬೆಳ್ಳೂರಿನಿಂದ ಬೆಳಗೊಳದತನಕ ಎಲ್ಲಿ ಕರೆದರೂ ಹೋದೆವು.

ಆ ಮೂರು ವರ್ಷದಲ್ಲಿ ನಾನು ಅಪ್ಪನನ್ನು ಒಂದೇ ಒಂದು ಸಂಗತಿ ಕೇಳಿದ್ದೆ. ಬಲಗಾಲಿನ ಕುಣಿತ ಕಲಿಸು, ನಾನೂ ಒಂದು ದಿನ ಒಬ್ಬಳೇ ಹೊರಬೇಕು ಎಂದು. ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ.

"ನಿಂಗ್ಯಾಕಮ್ಮಿ ಅದು? ಮುಂದೆ ನಾನಿಲ್ವಾ?"

ಅದನ್ನು ಪ್ರೀತಿಯೆಂದು ತಿಳಿದಿದ್ದೆ. ಹದಿನೇಳು ವರ್ಷದ ಹುಡುಗಿಗೆ ಅಷ್ಟೂ ಬುದ್ಧಿ ಇರಲಿಲ್ಲವೇ ಎಂದು ಈಗ ನನ್ನ ಮೇಲೇ ನನಗೆ ಕೋಪ ಬರುತ್ತದೆ. ಅಪ್ಪನಿಗೆ ಮಂಡಿ ಊದಿಕೊಂಡು ಏಳಲಾಗದ ಒಂದು ವಾರ ಪಾಂಡವಪುರದಿಂದ ಕರೆ ಬಂತು. ಊರಿನವರು, ರತ್ನಿ ಹೇಗೂ ಕುಣಿಯುತ್ತಾಳಲ್ಲ, ಅವಳೊಬ್ಬಳೇ ಹೊರಲಿ ಎಂದರು. ಬೇಡ ಎಂದು ಅಪ್ಪ ಹೇಳಲಿಲ್ಲ. ಒಂಟಿ ಹೊರುವಾಗ ಬಲಗಾಲು ಮುಂದೆ ಎಂದು ನನಗೆ ಗೊತ್ತಿತ್ತು, ದಾರಿಯುದ್ದಕ್ಕೂ ಬಸ್ಸಿನಲ್ಲಿ ಬಲಗಾಲು ಬಲಗಾಲು ಎಂದುಕೊಂಡೇ ಹೋದೆ. ಪೂಜೆ ತಲೆಗೇರಿತು, ತಮಟೆ ಎದ್ದಿತು. ಮೈಗೆ ಗೊತ್ತಿದ್ದದ್ದನ್ನು ಮೈ ಮಾಡಿತು. ಎಡಗಾಲು ಮುಂದೆ ಹೋಯಿತು. ನೂರಾರು ಜನರ ನಡುವೆ ಒಬ್ಬ ಮುದುಕ ಕೈಯೆತ್ತಿ ಕೂಗಿದ.

"ನಿಲ್ಸ್ರೋ ತಮಟೆಯ! ಯಾವನ್ಲಾ ಇವ್ಳಿಗ್ ಕಲ್ಸಿದ್ದು? ಇಳ್ಸಿ ಅಮ್ಮನ್ನ!"

ಪೂಜೆಯನ್ನು ನನ್ನ ತಲೆಯಿಂದ ಇಳಿಸಿ ಬೇರೆಯವರಿಗೆ ಹೊರಿಸಿದರು. ನಾನು ಬರಿ ಸಿಂಬೆ ಹಿಡಿದುಕೊಂಡು ಬಸ್ ಸ್ಟ್ಯಾಂಡಿನವರೆಗೆ ನಡೆದೆ. ಹಿಂದೆ ಹುಡುಗರು ಎಡಗಾಲು ಎಡಗಾಲು ಎಂದು ಕೂಗುತ್ತಿದ್ದರು. ಮನೆಗೆ ಬಂದಾಗ ಅಪ್ಪ ಮಂಡಿಗೆ ಬಿಸಿ ಉಪ್ಪಿನ ಗಂಟು ಒತ್ತಿಕೊಳ್ಳುತ್ತಾ ಕೂತಿದ್ದ. ನಡೆದದ್ದನ್ನು ಹೇಳಿದೆ.

"ಗೊತ್ತಿತ್ತು ನಂಗೆ. ಅಂಗೇ ಆಯ್ತದೆ ಅಂತ."

"ಗೊತ್ತಿದ್ದೂ ಯಾಕ್ ಕಲ್ಸ್ನಿಲ್ಲ?"

"ಕಲ್ಸಿದ್ರೆ ನಿಮ್ ಚಿಕ್ಕಪ್ನಂಗೆ ನೀನೂ ಮುಂದ್ಕೆ ಬಂದ್ ನಿಂತ್ಕತಿದ್ದೆ. ಆಮೇಕೆ ನನ್ ಎದುರ್ಗೆ ಯಾರು?"

ಇಷ್ಟು ನೇರವಾಗಿ ಹೇಳಿದ. ಕನ್ನಡಿಯನ್ನು ಜೀವಮಾನವಿಡೀ ಬೈದವನು ಮಗಳನ್ನೇ ಕನ್ನಡಿ ಮಾಡಿಕೊಂಡಿದ್ದ. ಅವನು ಮುಂದೆ ನಿಂತರೆ ಮಾತ್ರ ನಾನು ಸರಿ, ಅವನಿಲ್ಲದಿದ್ದರೆ ನಾನೊಂದು ತಪ್ಪು. ಅದನ್ನು ತಿಳಿದೂ ತಿಳಿದೂ ಹಾಗೇ ಇಟ್ಟುಕೊಂಡಿದ್ದ. ನಾನು ಅಂದು ಅವನಿಗೆ ಏನೇನೋ ಅಂದೆ, ಬರೆಯುವಂಥದ್ದಲ್ಲ. ಅವ್ವ ಬಾಯಿ ಮುಚ್ಚಿಸಲು ಬಂದರೆ ಅವಳನ್ನೂ ತಳ್ಳಿದೆ. ಮಾರನೆಯ ಬೆಳಿಗ್ಗೆ ಎರಡು ಸೀರೆ ಗಂಟುಕಟ್ಟಿಕೊಂಡು ಕೆ.ಆರ್. ಪೇಟೆಯ ಬಸ್ಸು ಹತ್ತಿದೆ.

ಚಿಕ್ಕಪ್ಪನ ಅಂಗಡಿಯಲ್ಲಿ ಆ ಕನ್ನಡಿ ಇತ್ತು. ಅಳತೆ ಕೊಟ್ಟವರು ಹೊಸ ಅಂಗಿ ತೊಟ್ಟು ಅದರ ಮುಂದೆ ನಿಂತು ಕಾಲರು ಸರಿಮಾಡಿಕೊಳ್ಳುತ್ತಿದ್ದರು. ಅದಕ್ಕೆ ತಕ್ಕ ಕೆಲಸ ಅದೇ. ನಾನು ವಿಷಯ ಹೇಳಿದಾಗ ಚಿಕ್ಕಪ್ಪ ಕತ್ತರಿ ಕೆಳಗಿಟ್ಟ. ಆಮೇಲೆ ಕನ್ನಡಿಗೆ ಒಂದು ಪಂಚೆ ಮುಚ್ಚಿ, ಮೇಜು ಪಕ್ಕಕ್ಕೆ ಸರಿಸಿದ. ನನ್ನ ಎದುರಿಗೆ ನಿಲ್ಲಲಿಲ್ಲ. ಪಕ್ಕಕ್ಕೆ ಬಂದು, ನಾನು ನೋಡುತ್ತಿದ್ದ ಕಡೆಗೇ ತಾನೂ ಮುಖ ಮಾಡಿ, ಭುಜಕ್ಕೆ ಭುಜ ಸೇರಿಸಿ ನಿಂತ.

"ನನ್ ಕಾಲೂ ನೋಡ್ಬೇಡ, ನಿನ್ ಕಾಲೂ ನೋಡ್ಬೇಡ. ನಾನ್ ಇಡ್ತಿದ್ದಂಗೆ ಪಕ್ಕದಲ್ಲಿ ಗೊತ್ತಾಯ್ತದೆ. ಇಡು."

ಎಡಗಾಲನ್ನು ಬಲಗಾಲಾಗಿ ತಿರುಗಿಸಲು ನನಗೆ ಎಂಟು ತಿಂಗಳು ಹಿಡಿಯಿತು. ಹೊಸದಾಗಿ ಕಲಿಯುವುದು ಸುಲಭ, ಕಲಿತದ್ದನ್ನು ಮಗುಚಿ ಹಾಕುವುದು ನರಕ. ಚಿಕ್ಕಪ್ಪ ಒಂದು ದಿನವೂ ಗದರಲಿಲ್ಲ, ಅಣ್ಣನ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಆ ಕೆಲಸ ನಾನೇ ಮಾಡುತ್ತಿದ್ದೆ, ಇಬ್ಬರ ಪಾಲಿಗೂ ಸೇರಿಸಿ. ಈಗಲೂ ನಾನು ಹಾಗೇ ಪಕ್ಕದಲ್ಲಿ ನಿಂತೇ ಕಲಿಸುತ್ತೇನೆ. ಕನ್ನಡಿ ಬೇಕೆನ್ನುವ ತಾಯಂದಿರು ಅದನ್ನು ನೋಡಿ ಅರ್ಥಮಾಡಿಕೊಂಡರೆ ಸರಿ, ಇಲ್ಲದಿದ್ದರೆ ಬಾಗಿಲು ತೆರೆದೇ ಇದೆ. ತಪ್ಪು ಕಾಣಬೇಕಾದ್ದು ಕಣ್ಣಿಗಲ್ಲ. ಕಣ್ಣಿಗೆ ಕಂಡಮೇಲೆ ತಿದ್ದಿಕೊಳ್ಳುವವಳು ಬೀದಿಗೆ ಬಂದಾಗ ಗಾಜು ಹುಡುಕುತ್ತಾಳೆ.

ಒಂಬತ್ತನೆಯ ತಿಂಗಳು ಊರಿಗೆ ಹೋದೆ. ಬೆಳಗಿನ ಹೊತ್ತು. ಅಪ್ಪ ಪಡಸಾಲೆಯಲ್ಲಿ ಕೂತಿದ್ದ, ಮಂಡಿ ಅಷ್ಟಿಷ್ಟು ಸುಧಾರಿಸಿತ್ತು. ಅವ್ವ ಓಡಿಬಂದು ನನ್ನ ಕೆನ್ನೆ ಮುಟ್ಟಿ ನೋಡಿದಳು. ನಾನು ಮೂಲೆಯಲ್ಲಿದ್ದ ಬೋಳು ಚೌಕಟ್ಟನ್ನು ಎತ್ತಿ ತಲೆಗಿಟ್ಟುಕೊಂಡು, ಬಲಗಾಲು ಮುಂದಿಟ್ಟೆ. ತಮಟೆ ಬೇಕಾಗಲಿಲ್ಲ. ಮೊದಲ ಸುತ್ತು, ಎರಡನೆಯ ಸುತ್ತು, ಕುಳಿತೇಳುವ ಹೆಜ್ಜೆ, ಬಲಕ್ಕೆ ತಿರುಗು, ಮತ್ತೆ ಬಲಕ್ಕೆ. ಅಪ್ಪ ನೋಡುತ್ತಿದ್ದವನು ಗೋಡೆ ಹಿಡಿದುಕೊಂಡು ಎದ್ದ. ಕುಂಟುತ್ತಾ ಬಂದು ನನ್ನ ಎದುರಿಗೆ, ತನ್ನ ಹಳೆಯ ಜಾಗದಲ್ಲಿ ನಿಂತು, ಬಲಗಾಲು ಮುಂದಿಟ್ಟ. ನನ್ನದೂ ಬಲಗಾಲೇ ಬಂತು. ಅವನು ಬಲಕ್ಕೆ ತಿರುಗಿದ, ನಾನೂ ನನ್ನ ಬಲಕ್ಕೆ ತಿರುಗಿದೆ. ಅವನು ಒಂದು ದಿಕ್ಕಿಗೆ ಹೋದ, ನಾನೊಂದು ದಿಕ್ಕಿಗೆ. ಇನ್ನೊಂದು ಸಲ ಹಾಕಿ ನೋಡಿದ, ಮತ್ತೂ ಹಾಗೇ ಆಯಿತು. ಮಂಡಿ ಹಿಡಿದುಕೊಂಡು ನಿಂತುಬಿಟ್ಟ. ಅವನ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು. ಅನ್ನಿಸಿದ್ದು ನಿಜ.

"ಇನ್ ಮೇಕೆ ನನ್ ಎದುರ್ಗೆ ಕುಣಿಯಾಕ್ ಆಗಾಕಿಲ್ಲ ನಿಂಗೆ," ಎಂದ.

"ಆಯ್ತದೆ ಕಣಪ್ಪ," ಎಂದೆ. "ಎರಡ್ ಕಾಲೂ ಬರ್ತವೆ ಈಗ ನಂಗೆ. ಕುಣಿಯಾಕಿಲ್ಲ."

ಅಪ್ಪ ಆಮೇಲೂ ಹನ್ನೊಂದು ವರ್ಷ ಬದುಕಿದ್ದ. ನಾನು ಅವನ ಎದುರಿಗೆ ಕುಣಿಯಲಿಲ್ಲ.